ನುಸಿಗುಳಿಗೆಯ ಗಂಟು

ನಾನು ಓದಿದ ಕಾನ್ವೆಂಟಿನಲ್ಲಿ, ಶಾಲೆ ತೆರೆದ ಮೊದಲ ಸೋಮವಾರ ಸಿಸ್ಟರ್ ಒಬ್ಬರು ಮರದ ಸ್ಕೇಲು ಹಿಡಿದುಕೊಂಡು ಪ್ರಾರ್ಥನೆಯ ಸಾಲಿನ ಉದ್ದಕ್ಕೂ ಬರುತ್ತಿದ್ದರು. ಸ್ಕರ್ಟಿನ ಅಂಚು ಮಂಡಿಯಿಂದ ಎಷ್ಟು ಕೆಳಗಿದೆ ಎಂದು ಅಳೆಯುವುದಕ್ಕೆ. ಹನೂರಿನಿಂದ ಬಂದು ಹಾಸ್ಟೆಲಿನಲ್ಲಿದ್ದ ನನ್ನದು ಯಾವಾಗಲೂ ಮೂರು ಇಂಚು ಹೆಚ್ಚೇ ಇರುತ್ತಿತ್ತು. ಮುಂದಿನ ಎರಡು ವರ್ಷ ನಾನು ಬೆಳೆಯುವ ಎತ್ತರವನ್ನೂ ಸೇರಿಸಿ ಅಮ್ಮ ಹೊಲಿಸುತ್ತಿದ್ದಳು. ಉಳಿದ ಹುಡುಗಿಯರು ನಗುತ್ತಿದ್ದರು. ಸಿಸ್ಟರ್ ನಗುತ್ತಿರಲಿಲ್ಲ. ನಮ್ಮ ಪೆನ್ಸಿಲು ಹಿಡಿಯಲಾರದಷ್ಟು ಮೋಟಾದಾಗ ಅದನ್ನು ತೆಳುವಾದ ಬಿದಿರಿನ ಕೊಳವೆಗೆ ಸಿಕ್ಕಿಸಿ ಮತ್ತೆ ನಮ್ಮ ಕೈಗೇ ಕೊಡುತ್ತಿದ್ದವರೂ ಅವರೇ. ಪೆನ್ಸಿಲು ಚಿಕ್ಕದಾದಷ್ಟೂ ಬರೆದವಳು ದೊಡ್ಡವಳಾಗಿರುತ್ತಾಳೆ ಎನ್ನುತ್ತಿದ್ದರು.

ಆ ಮಾತು ಎಷ್ಟೋ ವರ್ಷ ಮರೆತುಹೋಗಿತ್ತು. ನೆನಪಾದದ್ದು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ, ಮಗಳು ಏಳನೇ ತರಗತಿಗೆ ಹೋದ ಜೂನ್‌ನಲ್ಲಿ. ಪುರಸಭೆಯ ಕಸದ ಗಾಡಿ ಬಂದಿತ್ತು. ಶಾಲೆ ಶುರುವಾಗಿ ಮೂರೇ ದಿನ. ಒಂದೊಂದು ಮನೆಯಿಂದಲೂ ಹೊಸ ಸಮವಸ್ತ್ರದ ಪ್ಲಾಸ್ಟಿಕ್ ಚೀಲ, ನೋಟುಬುಕ್ಕಿನ ಕಟ್ಟು ಬಿಚ್ಚಿದ ಹಾಳೆ, ಹಳೆಯ ನೀರಿನ ಬಾಟಲಿ ಬಂದು ಬೀಳುತ್ತಿದ್ದವು. ಒಂದು ಬ್ಯಾಗೂ ಇತ್ತು. ಜಿಪ್ಪಿನ ಹಲ್ಲು ಒಂದು ಬಿಟ್ಟಿದ್ದು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಎಲ್ಲದರ ಮೇಲೆ ಒಂದು ನೀಲಿ ಪಿನಫೋರ್ ತೋಳಿನ ತೂತುಗಳನ್ನು ಅಗಲಿಸಿ ಅಂಗಾತ ಮಲಗಿತ್ತು. ಅದು ನಮ್ಮ ಮನೆಯದೇ. ಹಿಂದಿನ ದಿನ ನಾನೇ ಎಸೆದದ್ದು. ಎರಡು ಬೆರಳು ಅಂಚು ಬಿಚ್ಚಿದ್ದರೆ ಇನ್ನೊಂದು ವರ್ಷ ಬರುತ್ತಿತ್ತು.

ಮುಂದಿನ ಬೇಸಿಗೆ ಹಾಗಾಗಬಾರದು ಎಂದುಕೊಂಡೆ. ನಮ್ಮ ಬೀದಿಯಲ್ಲಿ ಒಂದೇ ಶಾಲೆಗೆ ಹೋಗುವ ಮಕ್ಕಳು ಏಳು ಜನ. ದೊಡ್ಡವರಿಗೆ ಚಿಕ್ಕದಾದ ಸಮವಸ್ತ್ರ ಅವರ ಕೆಳಗಿನವರಿಗೆ ಆಗುತ್ತದೆ. ಮಾತು ಸುಲಭ, ಆದರೆ ಯಾರೂ ಬೇರೆಯವರ ಮಗುವಿನ ಬಟ್ಟೆಯನ್ನು ಹಾಗೇ ತೊಡಿಸಲು ಒಪ್ಪುವುದಿಲ್ಲ. ಅದು ಹೊಸದರಂತೆ ಕಾಣಬೇಕು. ಮನೆಮನೆಗೆ ಹೋಗಿ ಕೇಳಿದೆ. ಏಪ್ರಿಲ್ ಕೊನೆಗೆ ಹದಿನೆಂಟು ಉಡುಪುಗಳು ಸೇರಿದವು. ಒಗೆದು, ಇಸ್ತ್ರಿ ಮಾಡಿ, ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿ ಜೋಡಿಸಿದೆ. ಮಡಿಕೆ ಮಡಿಕೆಯ ನಡುವೆ ಒಂದೊಂದು ಬಿಳಿ ನುಸಿಗುಳಿಗೆ ಇಟ್ಟೆ. ಕಾನ್ವೆಂಟಿನಲ್ಲಿ ಕಲಿತ ಅಚ್ಚುಕಟ್ಟು ಅದು.

ಹೊಸದರಂತೆ ಮಾಡಿಕೊಡುವ ಕೈ ಯಾರದೆಂದು ನನಗೆ ಗೊತ್ತಿತ್ತು. ಕುಂತೂರಿನ ಆಚೆ ಒಂದು ಹಳ್ಳಿಯಲ್ಲಿ ಒಬ್ಬ ಟೈಲರಮ್ಮ ಇದ್ದಾರೆ. ನನ್ನ ಅತ್ತೆ ಇರುವ ತನಕ ಅವರ ಕುಪ್ಪಸಗಳನ್ನೆಲ್ಲ ಹೊಲಿದವರು. ವಯಸ್ಸು ಐವತ್ತೈದರ ಆಸುಪಾಸು, ಗಂಡ ಇಲ್ಲ. ಜಗುಲಿಯ ಮೇಲೆ ಕಾಲು ಮೆಷಿನ್ನು. ಸೂಜಿ, ಪಿನ್ನುಗಳನ್ನೆಲ್ಲ ಯಾವುದೋ ಹಳೇ ರೇಡಿಯೋದಿಂದ ಕಿತ್ತ ಅಯಸ್ಕಾಂತಕ್ಕೆ ಅಂಟಿಸಿರುತ್ತಾರೆ. ಗುರುತು ಹಾಕುವುದಕ್ಕೆ ಅಂಗಡಿಯ ಸೀಮೆಸುಣ್ಣವಿಲ್ಲ. ಸವೆದು ಎಲೆಯಷ್ಟು ತೆಳ್ಳಗಾದ ಬಟ್ಟೆ ಸೋಪಿನ ಚೂರು. ಗೆರೆ ಕೂದಲಿನಷ್ಟು ಸಣ್ಣಗೆ ಬೀಳುತ್ತದೆ, ಒಗೆದರೆ ತಾನೇ ಹೋಗುತ್ತದೆ. ಕತ್ತರಿಸಿ ಉಳಿದ ಚೂರೂ ಅವರ ಮನೆಯಲ್ಲಿ ಕಸವಾಗುವುದಿಲ್ಲ. ಉದ್ದನೆಯದು ಲಾಡಿ, ಚೌಕದ್ದು ಕೈವಸ್ತ್ರ, ಯಾವುದಕ್ಕೂ ಆಗದ್ದು ಮಣೆಯ ದಿಂಬಿನೊಳಗೆ.

ಮೇ ನಡುವಿನಲ್ಲಿ ಒಂದು ಮಧ್ಯಾಹ್ನ ಗಂಟು ಕಟ್ಟಿಕೊಂಡು ಯಳಂದೂರಿನ ಬಸ್ಸು ಹತ್ತಿದೆ. ಶಾಲೆಗೆ ಇನ್ನು ಹದಿನೇಳು ದಿನ ಇತ್ತು. ದಾರಿಯುದ್ದಕ್ಕೂ ಕಬ್ಬು. ಹಳ್ಳಿಯಲ್ಲಿ ಇಳಿದಾಗ ಗಾಳಿ ಎದ್ದು ಬೀದಿಯ ದೂಳೆಲ್ಲ ಮೇಲೆ ಹಾರುತ್ತಿತ್ತು. ಟೈಲರಮ್ಮನ ಬಾಗಿಲು ಬರೀ ಮುಂದಕ್ಕೆಳೆದಿತ್ತು, ಒಳಗೆ ಯಾರೂ ಇಲ್ಲ. ಸೊಪ್ಪು ಬಿಡಿಸಲು ತೋಟಕ್ಕೆ ಹೋಗಿದ್ದಾರೆ ಎಂದು ಪಕ್ಕದ ಮನೆಯ ಹುಡುಗಿ ಹೇಳಿದಳು. ದಪ್ಪ ದಪ್ಪ ಹನಿ ಬೀಳತೊಡಗಿತು. ಜಗುಲಿಯ ಮೇಲೆ ಗಂಟು ಇಟ್ಟರೆ ನೆನೆದುಹೋಗುತ್ತದೆ. ತಿರುಗಿ ಹೋಗುವ ಬಸ್ಸು ದೂರದಲ್ಲಿ ಹಾರನ್ ಮಾಡುತ್ತಿತ್ತು. ಬಾಗಿಲು ತಳ್ಳಿ, ಒದ್ದೆ ಗೋಣಿಯ ಪರದೆಯೊಂದನ್ನು ಸರಿಸಿ, ಒಳಗಿನ ಅರೆಗತ್ತಲ ಕೋಣೆಯಲ್ಲಿ ಬಿದಿರಿನ ತಟ್ಟೆಗಳ ಒಂದು ಸ್ಟ್ಯಾಂಡಿನ ಕೆಳಗೆ ಗಂಟನ್ನು ಸರಿಸಿ ಓಡಿದೆ. ಹೊಸ್ತಿಲಲ್ಲಿ ಚೆಲ್ಲಿದ್ದ ಸುಣ್ಣದ ಪುಡಿ ಚಪ್ಪಲಿಗೆ ಅಂಟಿದ್ದು ಬಸ್ಸಿನಲ್ಲಿ ಕಾಣಿಸಿತು. ಯಾಕೆ ಚೆಲ್ಲಿದ್ದಾರೋ ಎಂದುಕೊಂಡೆ, ಅಷ್ಟೆ.

ಕೊಳ್ಳೇಗಾಲದಲ್ಲಿ ಇಷ್ಟು ವರ್ಷ ಬಾಳಿದವಳು ನಾನು. ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ನೂರು ಸಲ ಹಾದುಹೋಗಿದ್ದೇನೆ, ಮಗ್ಗದ ಮನೆಗಳಲ್ಲಿ ಸೀರೆ ತೆಗೆದುಕೊಂಡಿದ್ದೇನೆ. ಆದರೆ ಹನೂರಿನಲ್ಲಿ ನಮ್ಮಪ್ಪನದು ಅಂಗಡಿ, ನಮಗೆ ರೇಷ್ಮೆಹುಳು ಸಾಕುವ ಮನೆ ಗೊತ್ತಿರಲಿಲ್ಲ. ಅಂಥ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು, ಅದೂ ಹುಳುವಿನ ಮನೆಯೆಂದು ತಿಳಿಯದೆ.

ಮರುದಿನ ಬೆಳಿಗ್ಗೆ ಫೋನು ಬಂತು. ಟೈಲರಮ್ಮ ಕುಶಲ ಕೇಳಲಿಲ್ಲ.

"ಅವ್ವಾ, ಗಂಟ್ನಲ್ಲಿ ಬಟ್ಟೆ ಬುಟ್ಟು ಇನ್ನೇನ್ ಮಡಗಿದ್ರಿ?"

ನುಸಿಗುಳಿಗೆ ಎಂದೆ.

"ಅದಾ. ಉಳ ಸೊಪ್ಪು ಮುಟ್ತಿಲ್ಲ ಕಣವ್ವಾ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಮಗಳನ್ನೂ ಕರೆದುಕೊಂಡು ಮುಂದಿನ ಬಸ್ಸಿಗೇ ಹೊರಟೆ.

ನಾವು ಹೋದಾಗ ಗಂಟು ಅಂಗಳದ ಆಚೆ ಬೇಲಿಯ ಮೇಲಿತ್ತು. ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಟೈಲರಮ್ಮ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ಮುಡಿದ ಮಲ್ಲಿಗೆ ತೆಗೆಯಲು ಹೇಳಿದರು. ಪೌಡರು ಹಾಕಿದ್ದ ಮಗಳಿಗೆ ಮುಖ ತೊಳೆಯಲು ನೀರು ಕೊಟ್ಟರು. ಸುಣ್ಣದ ಪುಡಿ ಮೆಟ್ಟಿ ಬರಿಗಾಲಲ್ಲಿ ಒಳಗೆ ಹೋದೆವು. ಹುಳುವಿನ ಮನೆಗೆ ಹೊರಗಿನ ವಾಸನೆ ಯಾವುದೂ ಆಗದು ಎಂದು ಆಮೇಲೆ ತಿಳಿಯಿತು. ಅಗರಬತ್ತಿ ಆಗದು, ಒಗ್ಗರಣೆಯ ಹೊಗೆ ಆಗದು, ಹೊಗೆಸೊಪ್ಪು ಹಾಕಿದವರು ಹೊಸ್ತಿಲು ದಾಟುವಂತಿಲ್ಲ. ಹುಳು ಹಿಡಿದ ಇಪ್ಪತ್ತೈದು ದಿನ ಅವರ ಒಲೆ ಹಿತ್ತಿಲಿಗೆ ಹೋಗುತ್ತದೆ. ಇಷ್ಟು ಕಟ್ಟುಪಾಡಿನ ಮನೆಯ ನಟ್ಟನಡುವೆ ನಾನು ಹದಿನೆಂಟು ಉಡುಪಿನ ನುಸಿಗುಳಿಗೆಯನ್ನು ಒಂದು ಇಡೀ ರಾತ್ರಿ ಬಿಟ್ಟಿದ್ದೆ.

ನಾಲ್ಕನೇ ಜ್ವರ ಎದ್ದು ಮೂರು ದಿನದ ಹುಳುಗಳು. ಹುಳು ಪೊರೆ ಬಿಡುವ ಮುಂಚೆ ತಿನ್ನದೆ ತಲೆ ಎತ್ತಿ ಮಲಗುವುದನ್ನು ಅವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಹುಳು ಹಗಲು ಇರುಳು ತಿನ್ನುತ್ತದೆ, ವಾರದಲ್ಲಿ ಹಣ್ಣಾಗಿ ಗೂಡು ಕಟ್ಟುತ್ತದೆ. ತಿನ್ನುವಾಗ ಕೋಣೆಯ ತುಂಬ ಚರಚರ ಸದ್ದಿರಬೇಕಂತೆ. ಅಂದು ಬೆಳಿಗ್ಗೆ ಸೊಪ್ಪು ಹಾಸಿ ನಿಂತರೆ ಸದ್ದೇ ಇಲ್ಲ. ಸದ್ದಿಲ್ಲದ್ದನ್ನು ಕೇಳಿಯೇ ಟೈಲರಮ್ಮ ಮೂಗೆಳೆದು ನೋಡಿ, ಗಂಟನ್ನು ಹುಡುಕಿ ಹೊರಗೆ ಹಾಕಿದ್ದರು.

ಸ್ಟ್ಯಾಂಡಿನ ಕೆಳಗಿನ ಎರಡು ತಟ್ಟೆಗಳ ಹುಳುಗಳು ತಲೆ ಆಡಿಸುತ್ತ ಬಾಯಿಂದ ಹಸಿರು ನೀರು ಬಿಡುತ್ತಿದ್ದವು. ಮೇಲಿನವು ಸುಮ್ಮನೆ ಬಿದ್ದಿದ್ದವು. ಮಗಳು ನನ್ನ ಕೈ ಬಿಗಿಯಾಗಿ ಹಿಡಿದಳು.

ಈ ಬೆಳೆ ಹೋದರೆ ಏನಾಗುತ್ತದೆಂದು ಅವರ ಮೈದುನನಿಂದ ಗೊತ್ತಾಯಿತು. ಆತ ಅಂಗಳದಲ್ಲಿ ನಿಂತಿದ್ದ, ಬಾಯಲ್ಲಿ ಎಲೆಯಡಿಕೆ ಇದ್ದುದರಿಂದ ಒಳಗೆ ಬರುವಂತಿರಲಿಲ್ಲ. ಬೇಸಿಗೆಯ ಮೊದಲ ಬೆಳೆ ಬಿಸಿಲಿಗೆ ಹೋಗಿತ್ತಂತೆ. ಇದೂ ಕೈಕೊಟ್ಟರೆ ಅರ್ಧ ಎಕರೆ ಹಿಪ್ಪುನೇರಳೆ ಕಿತ್ತು ಕಬ್ಬು ನೆಡಲು ಬಿಟ್ಟುಕೊಡುವುದಾಗಿ ಟೈಲರಮ್ಮ ಆತನಿಗೆ ಮಾತು ಕೊಟ್ಟಿದ್ದರು. ಆ ತೋಟದ ಗಿಡಗಳನ್ನು ನೆಟ್ಟವರು ಅವರೂ ಅವರ ಗಂಡನೂ.

"ಅತ್ಗೆಮ್ಮಾ, ಕಬ್ಗೆ ಸೆಂಟ್ ಬಳ್ದ್ರೂ ಸಾಯಕಿಲ್ಲ," ಎಂದ ಆತ.

"ಕಬ್ಬು ನೆಟ್ರೆ ವರ್ಸಕ್ಕೊಂದ್ ಸಲ ಮೊಕ ನೋಡ್ಬೇಕು ಕಣಪ್ಪಾ. ಉಳ ಆದ್ರೆ ದಿನಾ ಕರೀತದೆ," ಎಂದರು ಟೈಲರಮ್ಮ. ಆಮೇಲೆ ನನ್ನ ಕಡೆ ತಿರುಗಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದಿದ್ದೆ. ಹೇಳಲು ಬಿಡಲಿಲ್ಲ.

"ಮಳೇಲಿ ನೆನೀದಿರ್ಲಿ ಅಂತ ತಾನೇ ಒಳಗ್ ಮಡಗಿದ್ದು. ಆ ಬುದ್ದಿ ತಪ್ಪಲ್ಲ. ಕೇಳ್ದೆ ಮಡಗಿದ್ದು ತಪ್ಪು. ಈಗ ನಿಂತ್ಕಂಡಿದ್ರೆ ಆಗಕಿಲ್ಲ, ಸೊಪ್ಪು ಬುಡ್ಸೋಕೆ ಬನ್ನಿ."

ನನ್ನ ಜೀವನದಲ್ಲಿ ತಪ್ಪನ್ನು ಅಷ್ಟು ಸರಿಯಾಗಿ ಅಳೆದುಕೊಟ್ಟವರು ಇನ್ನೊಬ್ಬರಿಲ್ಲ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಿಸ್ಟರ್ ಕೈಯ ಸ್ಕೇಲು ನೆನಪಾಯಿತು.

ಸಂಜೆಯ ಬಸ್ಸಿನವರೆಗೆ ಮೂವರೂ ಸೊಪ್ಪು ಬಿಡಿಸಿದೆವು. ಮಾಮೂಲಿ ಸೊಪ್ಪಲ್ಲ, ಹುಳು ಮರಿಯಾಗಿದ್ದಾಗ ಕೊಡುವಂಥ ಎಳೆಯ ಎಲೆ. ಅದನ್ನು ಅವರು ಬೆರಳಿನಷ್ಟು ಸಣ್ಣಗೆ ಕತ್ತರಿಸಿ ಉದುರಿಸಿದರು. ಕೆಳಗಿನ ಎರಡು ತಟ್ಟೆಗಳನ್ನು ಉಳಿಸುವ ಆಸೆ ಬಿಟ್ಟು, ಹೊರಗೆ ಒಯ್ದು, ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಮುಚ್ಚುವಾಗ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಉಳಿದ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಗಾಳಿ ಬರುವ ಕಡೆಗೆ ಜೋಡಿಸಿದರು. ಮಗಳು ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದಳು. ನಾಲ್ಕು ಗಂಟೆಯ ಹೊತ್ತಿಗೆ ತೋಟಕ್ಕೆ ಓಡಿಬಂದು, ಮೇಲಿನ ತಟ್ಟೆಯಲ್ಲಿ ಒಂದು ಎಲೆಯ ಅಂಚು ಅರ್ಧಚಂದ್ರದ ಹಾಗೆ ಕಚ್ಚಿದೆ ಎಂದಳು. ಟೈಲರಮ್ಮ ಎದ್ದು ಹೋಗಿ ನೋಡಿ ಬಂದು, ಮತ್ತೆ ಸೊಪ್ಪು ಬಿಡಿಸಲು ಕೂತರು. ನಾಳೆ ಹೇಳಬೇಕು, ಇವತ್ತು ಏನೂ ಹೇಳಲಾಗದು ಎಂದಷ್ಟೇ ಹೇಳಿದರು. ಆದರೆ ಕೈ ಮೊದಲಿಗಿಂತ ಬೇಗ ಓಡುತ್ತಿತ್ತು.

ಹೊರಡುವಾಗ ಸಮವಸ್ತ್ರದ ಮಾತು ಎತ್ತಲು ನನಗೆ ನಾಚಿಕೆಯಾಯಿತು. ಅವರೇ ಎತ್ತಿದರು. ಗೂಡು ಬಿಡಿಸುವ ತನಕ ಆ ಬಟ್ಟೆಗಳನ್ನು ಮುಟ್ಟಿದ ಕೈ ಹುಳುವಿನ ಮನೆಗೆ ಬರುವಂತಿಲ್ಲ, ಹಾಗಾಗಿ ತಾನು ಮುಟ್ಟುವುದಿಲ್ಲ. ಆದರೆ ಹೊಲಿಗೆ ಬಿಚ್ಚುವುದೇ ಅರ್ಧ ಕೆಲಸ, ಅದನ್ನು ನಾವೇ ಮನೆಯಲ್ಲಿ ಮಾಡಿಡಬೇಕು. ಗೂಡು ಮಾರಲು ಕೊಳ್ಳೇಗಾಲಕ್ಕೆ ಬಂದಾಗ ನಮ್ಮ ಮನೆಯಲ್ಲೇ ಎರಡು ದಿನ ಕೂತು ಹೊಲಿದುಕೊಡುತ್ತಾರೆ. ಬೇಲಿಯ ಮೇಲಿನ ಗಂಟನ್ನು ಎತ್ತಿಕೊಂಡು ಬಂದೆವು. ಬಿಳಿ ಗುಳಿಗೆಗಳನ್ನು ಹೆಕ್ಕಿ ಅಂಗಡಿಯವನಿಗೇ ಹಿಂದಕ್ಕೆ ಕೊಟ್ಟೆ.

ಆಮೇಲಿನ ಹತ್ತು ದಿನ ನಮ್ಮ ಮನೆಯ ನಡುಮನೆ ತುಂಬ ನೀಲಿ ಬಟ್ಟೆ. ಬ್ಲೇಡು ಹಿಡಿದು ದಾರದ ಮೂರನೇ ಹೊಲಿಗೆ, ಆರನೇ ಹೊಲಿಗೆ ಕತ್ತರಿಸಿ ಎಳೆದರೆ ಇಡೀ ಸಾಲು ಬರುತ್ತದೆ ಎಂದು ಟೈಲರಮ್ಮ ಹೇಳಿಕೊಟ್ಟಿದ್ದರು. ಮೊದಲ ದಿನ ನಾನು ಎರಡು ಕಡೆ ಬಟ್ಟೆಯನ್ನೇ ಕೊಯ್ದೆ. ಮಗಳದು ನನಗಿಂತ ಸಮಾಧಾನದ ಕೈ. ಸೆಕೆಂಡ್ ಹ್ಯಾಂಡ್ ಸಮವಸ್ತ್ರ ತೊಡುವ ಮಾತಿಗೆ ಏಪ್ರಿಲ್‌ನಲ್ಲಿ ಮುಖ ಊದಿಸಿಕೊಂಡಿದ್ದವಳು ಅವಳೇ. ಈಗ ಹೊಲಿಗೆಯ ಒಳಗೆ ಏನೇನು ಸಿಗುತ್ತದೆ ಎಂದು ನೋಡುವ ಚಟ ಹತ್ತಿತ್ತು. ಒಂದು ಜೇಬಿನ ಮೂಲೆಯಲ್ಲಿ ಪೆನ್ಸಿಲ್ ಕೆತ್ತಿದ ಸುರುಳಿ, ಇನ್ನೊಂದರಲ್ಲಿ ಹುಣಸೆ ಬೀಜ. ಮಡಿಕೆಗಳ ಒಳಗೆ ಬಿಸಿಲು ಕಾಣದ ಬಟ್ಟೆ, ಹೊಸದರ ಅದೇ ಗಾಢ ನೀಲಿ. "ಅಮ್ಮಾ, ಒಳಗಡೆ ಇದು ಹಳೇದೇ ಆಗಿಲ್ಲ," ಎಂದಳು.

ದಿನಾ ಬೆಳಿಗ್ಗೆ ಫೋನು ಮಾಡುವುದೂ ಅವಳೇ. ಎರಡನೇ ದಿನ ಅರ್ಧ ತಟ್ಟೆಗಳು ತಿಂದಿದ್ದವು. ನಾಲ್ಕನೇ ದಿನ ಸದ್ದು ಬಂತೆಂದರು. ಮಗಳು ಕೇಳಿಸಿ ಎಂದಾಗ ಫೋನನ್ನು ತಟ್ಟೆಯ ಹತ್ತಿರ ಹಿಡಿದರು. ನಮಗೆ ಕೇಳಿಸಿದ್ದು ಬರೀ ಫ್ಯಾನಿನಂಥ ಗೊರಗೊರ. ಆದರೂ ಇಬ್ಬರೂ ಕೇಳಿಸಿತು ಎಂದೆವು. ಹುಳು ಹಣ್ಣಾಗುವುದು ಎರಡು ದಿನ ತಡವಾಯಿತು. ಚಂದ್ರಿಕೆಗೆ ಬಿಟ್ಟೆ ಎಂದು ಒಂದು ಬೆಳಿಗ್ಗೆ ಅವರೇ ಫೋನು ಮಾಡಿದರು. ಗೂಡು ಕಟ್ಟಲು ಹುಳುಗಳನ್ನು ಬಿಡುವ, ಬಿದಿರಿನ ಸುರುಳಿಗಳ ಆ ದೊಡ್ಡ ಚಾಪೆಗೆ ಚಂದ್ರಿಕೆ ಎಂಬ ಹೆಸರಿಟ್ಟವರು ಯಾರೋ, ಅವರಿಗೆ ಕೈಮುಗಿಯಬೇಕು.

ಶಾಲೆಗೆ ಮೂರೇ ದಿನ ಇದ್ದಾಗ ಟೈಲರಮ್ಮ ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಗೂಡು ಹಾಕಿ ನಮ್ಮ ಮನೆಗೆ ಬಂದರು. ಬೆಳೆ ತುಂಬು ಬೆಳೆಯಲ್ಲ. ಗೂಡು ಸ್ವಲ್ಪ ತೆಳುವಾಗಿತ್ತಂತೆ. ಆದರೆ ಬೆಳೆ ಬಂದಿತ್ತು. ತೋಟದ ವಿಷಯ ನಾನು ಕೇಳುವ ಮೊದಲೇ, ಮುಂದಿನ ಸಲಕ್ಕೆ ಮೊಟ್ಟೆಗೆ ಹೇಳಿ ಬಂದೆ ಎಂದರು. ನಾನು ಅಡುಗೆಮನೆಗೆ ಹೋಗಿ, ಕಾಫಿ ಇಡುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಆ ಎರಡು ದಿನ ಆ ಕೈಗಳ ಕೆಲಸ ನೋಡಿದ್ದು ನನ್ನ ಪುಣ್ಯ. ಬಣ್ಣ ಮಾಸಿದ ಪಿನಫೋರುಗಳನ್ನು ಒಳಮೈ ಹೊರಗೆ ಮಾಡಿ ಹೊಲಿದರು, ಹೊಸದೇ ಆಯಿತು. ಅಂಚು ಇಳಿಸಿದ ಕಡೆ ಹಳೆಯ ಮಡಿಕೆಯ ಬಿಳಿಗೆರೆ ಉಳಿಯುತ್ತದಲ್ಲ, ಅದರ ಮೇಲೆ ಸರಿಯಾಗಿ ಒಂದು ಸಣ್ಣ ನೆರಿಗೆ ಕೂರಿಸಿದರು. ಗೆರೆ ಅದರ ಹೊಟ್ಟೆಯೊಳಗೆ ಹೋಯಿತು. ಆ ನೆರಿಗೆ ಬಿಚ್ಚಿದರೆ ಇನ್ನೆರಡು ವರ್ಷಕ್ಕೆ ಇನ್ನೆರಡು ಬೆರಳು ಉದ್ದ. ನಾನು ಬ್ಲೇಡಿನಲ್ಲಿ ಕೊಯ್ದಿದ್ದ ಎರಡು ಕಡೆ ಏನೂ ಅನ್ನದೆ ಜೇಬು ಹಾಕಿದರು. ಹರಿದುಹೋದ ಎರಡು ಪ್ಯಾಂಟಿನ ಕಾಲುಗಳಿಂದ ಊಟದ ಡಬ್ಬಿಯ ಚೀಲಗಳು ಬಂದವು. ಹದಿನೆಂಟರಲ್ಲಿ ಒಂದೂ ಬಿಸಾಡುವಂತಾಗಲಿಲ್ಲ. ಬೀದಿಯ ತಾಯಂದಿರು ಒಬ್ಬೊಬ್ಬರಾಗಿ ಬಂದು, ಅಂಚು ಮಗುಚಿ ನೋಡಿ, ಎಲ್ಲಿ ಹಳೇದು ಎಂದು ಹುಡುಕಿ, ಸಿಗದೆ, ತೆಗೆದುಕೊಂಡು ಹೋದರು.

ಕೊನೆಗೆ ತಮ್ಮ ಚೀಲದಿಂದ ಒಂದು ಸುರುಳಿ ತೆಗೆದು ಮಗಳ ಕೈಗಿತ್ತರು. ಹುಳು ಮರಿಗಳಾಗಿದ್ದಾಗ ಸೊಪ್ಪು ಬಾಡದಿರಲೆಂದು ತಟ್ಟೆಯ ಮೇಲೆ ಮುಚ್ಚುವ ಮೇಣದ ಕಾಗದ. ಒರೆಸಿ ಬಿಸಿಲಿಗೆ ಒಣಗಿಸಿ ತಂದಿದ್ದರು. "ಪುಸ್ತಕಕ್ಕೆ ಆಕ್ಕೊ ಮಗಾ. ಮಳೆ ನೀರು ಇಳಿಯಕಿಲ್ಲ, ಪ್ಲಾಸ್ಟಿಕ್ಕೂ ಬ್ಯಾಡ."

ಆ ವರ್ಷ ಅವಳ ಎಂಟನೇ ತರಗತಿಯ ಪುಸ್ತಕಗಳೆಲ್ಲ ಮಂಜಿನೊಳಗಿನ ಹಾಗೆ ಮಸುಕುಮಸುಕಾಗಿ ಹೊಳೆಯುತ್ತಿದ್ದವು. ಕ್ಲಾಸ್ ಟೀಚರ್ ಮೊದಲ ದಿನ ಹುಬ್ಬು ಗಂಟಿಕ್ಕಿ, ಬೆರಳಾಡಿಸಿ ನೋಡಿ, ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರಂತೆ. ಹುಳು ಕೊಟ್ಟದ್ದು ಎಂದಳಂತೆ ನನ್ನ ಮಗಳು. ತರಗತಿಯೆಲ್ಲ ನಕ್ಕಿತಂತೆ. ನಗಲಿ ಎಂದಳು, ನನಗೆ ಹೇಳುವಾಗ.

ಬಟ್ಟೆ ಕೆಡದಿರಲು ಬೀರುವಿನಲ್ಲಿ ಈಗ ಏನಿಡಲಿ ಎಂದು ಟೈಲರಮ್ಮನನ್ನು ಹೊಲಿಗೆಯ ದಿನವೇ ಕೇಳಿದ್ದೆ. ಬೇವಿನ ಸೊಪ್ಪೇ ಎಂದಾಗ ತಲೆ ಅಲ್ಲಾಡಿಸಿದರು. ಅದೂ ಹುಳುವಿಗೆ ಆಗದು. "ಏನೂ ಇಡ್ಬ್ಯಾಡಿ. ತಿಂಗ್ಳಿಗೊಂದ್ ಸಲ ಬಿಸ್ಲಿಗಾಕಿ. ಬಿಸ್ಲೇ ಸಾಕು ಕಣವ್ವಾ." ಅಂದಿನಿಂದ ನಮ್ಮ ಬೀರುವಿಗೆ ಯಾವ ವಾಸನೆಯೂ ಇಲ್ಲ. ತಿಂಗಳಿಗೊಮ್ಮೆ ತಾರಸಿಯ ಮೇಲೆ ಏಳು ಮಕ್ಕಳ ನೀಲಿ ಬಟ್ಟೆ ಸಾಲಾಗಿ ಒಣಗುತ್ತದೆ. ಬೀದಿಯವರು ಕತ್ತೆತ್ತಿ ನೋಡಿ ತಮ್ಮದು ಯಾವುದೆಂದು ಗುರುತು ಹಿಡಿಯುತ್ತಾರೆ.

ಈ ವರ್ಷ ಮಗಳು ಹತ್ತನೆಯದು. ಮೊನ್ನೆ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟೆವು. ಹೊರಡುವ ಮೊದಲು ಅವಳು ಫೋನು ಹಚ್ಚಿದಳು. ಶಾಲೆ ಯಾವಾಗ ತೆರೆಯುತ್ತದೆ, ಎಷ್ಟು ಉಡುಪು ಇದೆ, ಯಾವುದನ್ನೂ ಹೇಳಲಿಲ್ಲ.

"ಅಜ್ಜೀ, ಹುಳು ಎಷ್ಟನೇ ಜ್ವರದಲ್ಲಿದೆ?" ಎಂದು ಕೇಳಿದಳು.

ಮೂರನೆಯದಂತೆ. ಗೂಡು ಬಿಡಿಸುವ ತನಕ ಇರಲಿ ಎಂದು ಗಂಟನ್ನು ಮತ್ತೆ ಒಳಗೆ ತೆಗೆದಿಟ್ಟೆವು.